ಬ್ರೇಕಿನ ಚೀರಾಟಕ್ಕೆ ಕೀಲೆಣ್ಣೆ ಮದ್ದಲ್ಲ

ಡಿಸೆಂಬರಿನ ಒಂದು ಸಂಜೆ. ಅರೇಬಿಕಾ ಕೊಯ್ಲು ಭರದಲ್ಲಿತ್ತು. ಮೇಲಿನ ತೋಟದಿಂದ ಹಣ್ಣಿನ ಮೂಟೆ ಹೇರಿಕೊಂಡು ಇಳಿಯುವ ನಮ್ಮ ಪಿಕಪ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ತಿರುವಿಗೊಮ್ಮೆ ಕೀಂಯ್ ಎಂದು ಉದ್ದಕ್ಕೆ ಚೀರುತ್ತಿತ್ತು. ಪಲ್ಪರ್ ಮನೆಯ ಮುಂದೆ ಹಣ್ಣಿನ ಲೆಕ್ಕ ಬರೆಯುತ್ತಿದ್ದ ರೈಟರು ಪುಸ್ತಕದಿಂದ ತಲೆ ಎತ್ತದೆಯೇ "ಗಾಡಿ ಬಂತು" ಎಂದರು. ಮೂಟೆ ಇಳಿಸಿ ಮುಗಿದ ಮೇಲೆ ನೋಡುತ್ತೇನೆ, ಡ್ರೈವರ್ ಹುಡುಗ ಮುಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ಎಣ್ಣೆ ಡಬ್ಬಿ. ಅದರ ಉದ್ದನೆಯ ಮೂತಿ ರಿಮ್ಮಿನ ಸಂದಿಯಿಂದ ಒಳಗೆ, ನೇರ ಡಿಸ್ಕಿನ ಕಡೆಗೆ.

"ಎರಡು ಹನಿ ಬಿಟ್ಟರೆ ಸದ್ದು ನಿಲ್ಲುತ್ತೆ ಅಣ್ಣಾ."

"ತಡಿ ಮಾರಾಯ!" ಎಂದು ನಾನು ಕೂಗಿದ ರಭಸಕ್ಕೆ ಡಬ್ಬಿ ಅವನ ಕೈಯಿಂದ ಜಾರಿ ಬಿತ್ತು.

ಅವನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಕಿರುಗುಟ್ಟುವುದಕ್ಕೆಲ್ಲ ಎಣ್ಣೆ ಬಿಡುವುದು ನಮ್ಮ ಕಡೆ ತಲೆತಲಾಂತರದ ಬುದ್ಧಿ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ, ಬಾವಿಯ ರಾಟೆಗೆ ಎಣ್ಣೆ, ಬಾಗಿಲ ಕೀಲಿಗೆ ಎಣ್ಣೆ. ಅಲ್ಲೆಲ್ಲ ಉಜ್ಜಾಟ ಕಡಿಮೆಯಾಗಬೇಕು, ಆದ್ದರಿಂದ ಎಣ್ಣೆ ಸರಿ. ಬ್ರೇಕು ಬದುಕಿರುವುದೇ ಉಜ್ಜಾಟದಿಂದ. ಅಲ್ಲಿ ಬಿದ್ದ ಎರಡು ಹನಿ ಎಣ್ಣೆ ಸದ್ದನ್ನು ನಿಲ್ಲಿಸುವುದು ನಿಜ, ಜೊತೆಗೆ ಗಾಡಿಯನ್ನು ನಿಲ್ಲಿಸುವ ಶಕ್ತಿಯನ್ನೂ ಕಸಿದುಕೊಳ್ಳುತ್ತದೆ. ಒಂದು ಪಕ್ಕದ ಚಕ್ರಕ್ಕೆ ಮಾತ್ರ ಎಣ್ಣೆ ತಗುಲಿದ್ದರೆ ಇನ್ನೂ ಕೆಟ್ಟದ್ದು. ಒತ್ತಿದ ತಕ್ಷಣ ಗಾಡಿ ಇನ್ನೊಂದು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ರಸ್ತೆಗಳಲ್ಲಿ ಆ ಇನ್ನೊಂದು ಪಕ್ಕ ಹಲವು ಕಡೆ ಬರೀ ಪ್ರಪಾತ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಪಿಕಪ್ ಇಲ್ಲದ ತೋಟ ಅಪರೂಪ. ಗೊಬ್ಬರ, ಸುಣ್ಣ, ಹಣ್ಣು, ಕಾಳುಮೆಣಸು, ಸೌದೆ, ಕ್ಯೂರಿಂಗಿಗೆ ಹೋಗುವ ಮೂಟೆ, ಎಲ್ಲ ಅದರಲ್ಲೇ. ಆಳುಕಾಳುಗಳೂ ಅದರ ಹಿಂದೆಯೇ ನಿಂತು ಬರುತ್ತಾರೆ. ಅದು ತಪ್ಪು ಎಂದು ಎಲ್ಲರಿಗೂ ಗೊತ್ತು, ಆದರೂ ಬರುತ್ತಾರೆ. ಹಾಗಾಗಿ ಈ ಸದ್ದಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು ಎನ್ನಿಸಿತು.

ಸದ್ದು ಹುಟ್ಟುವುದು ಹೀಗೆ. ಬ್ರೇಕ್ ಒತ್ತಿದಾಗ ಪ್ಯಾಡ್ ತಿರುಗುವ ಡಿಸ್ಕನ್ನು ಹಿಡಿಯುತ್ತದೆ. ಹಿಡಿತ ಒಂದೇ ಸಮನೆ ಇದ್ದರೆ ಸದ್ದಿಲ್ಲ. ಹಿಡಿದು, ಜಾರಿ, ಮತ್ತೆ ಹಿಡಿದು, ಮತ್ತೆ ಜಾರಿ, ಹೀಗೆ ಸೆಕೆಂಡಿಗೆ ಸಾವಿರಾರು ಸಲ ಆಗತೊಡಗಿದರೆ ಪ್ಯಾಡ್, ಕ್ಯಾಲಿಪರ್, ಡಿಸ್ಕ್ ಎಲ್ಲವೂ ಸೇರಿ ನಡುಗುತ್ತವೆ. ಆ ನಡುಕವೇ ನಮ್ಮ ಕಿವಿಗೆ ಚೀರಾಟವಾಗಿ ಕೇಳುವುದು. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನಾದ ಹೊರಡಿಸುವುದೂ ಇದೇ ಕ್ರಮದಲ್ಲಿ. ಕಮಾನು ಹಿಡಿಯಲೆಂದು ಅದಕ್ಕೆ ರಾಳ ಉಜ್ಜುತ್ತಾರೆ, ಎಣ್ಣೆ ಹಚ್ಚುವುದಿಲ್ಲ.

ಈ ಕಾಟ ಡಿಸ್ಕ್ ಬ್ರೇಕಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅವನ ಬ್ರೇಕಿನಲ್ಲಿ ಲೋಹಕ್ಕೆ ಲೋಹವೇ ಉಜ್ಜುತ್ತಿತ್ತು, ಚೀರಾಟ ತಡೆಯಲಾಗುತ್ತಿರಲಿಲ್ಲ. ಅದಕ್ಕೂ ಮೊದಲೇ, 1897ರಲ್ಲಿ, ಡರ್ಬಿಶೈರ್ ಎಂಬ ಗುಡ್ಡಗಾಡಿನ ಸೀಮೆಯಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಬ್ರೇಕಿಗೆ ಹತ್ತಿಯ ಪಟ್ಟಿಯನ್ನು ಹದಗೊಳಿಸಿ ಹಾಕಲು ಶುರುಮಾಡಿದ್ದ. ಅಲ್ಲಿನ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡಿಗೆ ಹಳೇ ಬೂಟಿನ ಚರ್ಮ ಕಟ್ಟುತ್ತಿದ್ದುದನ್ನು ನೋಡಿ ಅವನಿಗೆ ಈ ಯೋಚನೆ ಬಂತಂತೆ. ಗುಡ್ಡದ ಗಾಡಿಯವರ ಕಷ್ಟ ಎಲ್ಲ ಊರಿನಲ್ಲೂ ಒಂದೇ. ಮುಂದೆ ಬಹುಕಾಲ ಬ್ರೇಕ್ ಲೈನಿಂಗಿಗೆ ಕಲ್ನಾರು ಬಳಕೆಯಾಯಿತು. ಅದರ ಪುಡಿ ಶ್ವಾಸಕೋಶಕ್ಕೆ ವಿಷ ಎಂದು ಗೊತ್ತಾಗಲು ದಶಕಗಳು ಬೇಕಾದವು. ಹಳೆಯ ಗಾಡಿಯ ಡ್ರಮ್ ಬಿಚ್ಚಿ ಬಾಯಿಂದ ಉಫ್ ಎಂದು ಧೂಳು ಊದುವುದನ್ನು, ಪಂಕ್ಚರ್ ಅಂಗಡಿಯ ಗಾಳಿ ಪೈಪು ಹಿಡಿದು ಊದುವುದನ್ನು ಈಗಲೂ ಕಾಣುತ್ತೇನೆ. ದಯವಿಟ್ಟು ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ನಾನು ಇಷ್ಟು ವರ್ಷದಲ್ಲಿ ಕಲಿತ ದೊಡ್ಡ ಪಾಠ ಇದೊಂದೇ.

ಆಷಾಢದ ಬೆಳಿಗ್ಗೆ ಗಾಡಿ ಹೊರಡಿಸಿದ ಕೂಡಲೇ ಗರಗರ ಎಂದು ಕೆರೆದ ಸದ್ದು ಬಂದು, ನಾಲ್ಕು ಸಲ ಬ್ರೇಕ್ ಒತ್ತುವುದರೊಳಗೆ ಮಾಯವಾದರೆ ಚಿಂತೆ ಬೇಡ. ರಾತ್ರಿಯಿಡೀ ಮಳೆಗೆ, ಮಂಜಿಗೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತದೆ. ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಮಲೆನಾಡಿನ ಒಂದು ರಾತ್ರಿ ಧಾರಾಳ ಸಾಕು. ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ, ಅದೂ ಮೆಲ್ಲಗೆ ಒತ್ತಿದಾಗ ಮಾತ್ರ ಕೀಂಯ್ ಎನ್ನುತ್ತಿದ್ದರೆ ಪ್ಯಾಡಿನ ಮುಖ ಗಾಜಿನಂತೆ ಹೊಳಪಾಗಿರಬಹುದು, ಧೂಳು ತುಂಬಿರಬಹುದು, ಹಿಂಬದಿಯ ತಗಡು ಅಥವಾ ಕ್ಲಿಪ್ಪು ಇಲ್ಲದಿರಬಹುದು. ಬೇಗ ನೋಡಿಸಬೇಕು, ಗಾಬರಿಯ ಅಗತ್ಯವಿಲ್ಲ.

ಬ್ರೇಕಿನ ಮೇಲೆ ಕಾಲೇ ಇಲ್ಲದಾಗಲೂ ಚಕ್ರ ತಿರುಗಿದ ಹಾಗೆಲ್ಲ ಸಣ್ಣಗೆ ಕಿರುಗುಟ್ಟುತ್ತಿದ್ದು, ಒತ್ತಿದಾಗ ಸದ್ದು ನಿಂತರೆ ಅಥವಾ ಬದಲಾದರೆ, ಅದೇ ದಿನ ಚಕ್ರ ಬಿಚ್ಚಿ. ಹಲವು ಪ್ಯಾಡುಗಳಲ್ಲಿ ಸಣ್ಣ ಉಕ್ಕಿನ ನಾಲಿಗೆಯೊಂದನ್ನು ಬೇಕೆಂದೇ ಕೂರಿಸಿರುತ್ತಾರೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಆ ನಾಲಿಗೆ ಡಿಸ್ಕಿಗೆ ತಗುಲಿ ಕೂಗುತ್ತದೆ. ಇಷ್ಟು ಸಣ್ಣ ತುಂಡಿನಿಂದ ಇಷ್ಟು ದೊಡ್ಡ ಉಪಕಾರ ಮಾಡಿಸಿದವರ ಬಗ್ಗೆ ನನಗೆ ಗೌರವವಿದೆ. ಅದು ಕೂಗುವಾಗ ಕೇಳದೆ ಬಿಟ್ಟರೆ ಮುಂದೆ ಕೀರಲು ಹೋಗಿ ಕರಕರ ಎಂಬ ಒರಟು ಸದ್ದು ಬರುತ್ತದೆ. ಅಷ್ಟರಲ್ಲಿ ಪ್ಯಾಡ್ ಪೂರ್ತಿ ಮುಗಿದು, ಅದರ ಬೆನ್ನಿನ ಕಬ್ಬಿಣ ಡಿಸ್ಕನ್ನು ಉಳುತ್ತಿರುತ್ತದೆ. ಆ ಗಾಡಿಯನ್ನು ಘಾಟಿಗೆ ಇಳಿಸಬಾರದು, ಅಷ್ಟೇ. ನಾಳೆ ನೋಡೋಣ ಎನ್ನುವ ಮಾತು ಅಲ್ಲಿ ನಡೆಯದು.

ಇನ್ನೊಂದು ಸುಳ್ಳು ಗಾಬರಿಯೂ ಉಂಟು. ತೋಟದ ರಸ್ತೆಯ ಸಣ್ಣ ಜಲ್ಲಿಕಲ್ಲು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡರೆ ಕಿವಿ ಹರಿಯುವಂಥ ಸದ್ದು ಬರುತ್ತದೆ. ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಓಡಿಸಿದರೆ ಎಷ್ಟೋ ಸಲ ತಾನಾಗಿ ಉದುರುತ್ತದೆ.

ಮಾರನೆಯ ಬೆಳಿಗ್ಗೆ ನಮ್ಮ ಗಾಡಿಯನ್ನು ಕೊಟ್ಟಿಗೆಹಾರದ ಕಡೆಯ ಒಂದು ಗ್ಯಾರೇಜಿಗೆ ಒಯ್ದೆವು. ತೋಟದಲ್ಲೇ ಬಿಚ್ಚಬಹುದಿತ್ತು. ಆದರೆ ನಮ್ಮಲ್ಲಿ ಜಾಕಿ ಕೊಡುವಷ್ಟು ಸಮತಟ್ಟಾದ ಜಾಗ ಎಂದರೆ ಕಾಫಿ ಕಣ ಮಾತ್ರ, ಕಣದ ತುಂಬ ಕಾಫಿ ಹರಡಿತ್ತು. ಒಣಗುವ ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಅದರ ಪಕ್ಕ ಬ್ರೇಕ್ ಆಯಿಲ್, ಪೆಟ್ರೋಲು ತರಬಾರದು.

ಮೆಕ್ಯಾನಿಕ್ ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಗಾಡಿ ಎತ್ತುವ ಮೊದಲು ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಟ್ಟರು, ಜಾಕಿಯ ಪಕ್ಕದಲ್ಲೇ ಸ್ಟ್ಯಾಂಡ್ ಇಟ್ಟರು. ಚಕ್ರ ಕಳಚಿ, ಉಗುರನ್ನು ಡಿಸ್ಕಿನ ಒಳಗಿನಿಂದ ಅಂಚಿನವರೆಗೆ ಮೆಲ್ಲಗೆ ಎಳೆದರು. ಅಂಚಿನಲ್ಲಿ ಉಗುರು ಟಕ್ ಎಂದು ನಿಂತಿತು. "ಇಲ್ಲಿ ಕಟ್ಟೆ ಬಿದ್ದಿದೆ ನೋಡಿ ಸರ್" ಎಂದು ನನ್ನ ಬೆರಳನ್ನೂ ಹಿಡಿದು ಅದೇ ಜಾಗದಲ್ಲಿ ಎಳೆಸಿದರು. ಪ್ಯಾಡ್ ಮುಟ್ಟುವ ಭಾಗ ಸವೆದು ತಗ್ಗಾಗಿ, ಮುಟ್ಟದ ಅಂಚು ಎತ್ತರದಲ್ಲೇ ಉಳಿದಿತ್ತು.

ಆಮೇಲೆ ಕ್ಯಾಲಿಪರ್ ಬಿಚ್ಚಿ ಎರಡೂ ಪ್ಯಾಡುಗಳನ್ನು ಹಳೇ ಪೇಪರಿನ ಮೇಲೆ ಪಕ್ಕ ಪಕ್ಕ ಇಟ್ಟರು. ಹೊರಗಿನ ಪ್ಯಾಡಿನಲ್ಲಿ ಇನ್ನೂ ಅರ್ಧಕ್ಕರ್ಧ ಲೈನಿಂಗ್ ಇತ್ತು. ಒಳಗಿನದು ಬೆಲ್ಲದ ಅಚ್ಚನ್ನು ಓರೆಯಾಗಿ ಕೊಯ್ದ ಹಾಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಬೆಂಕಿಪೊಟ್ಟಣದ ಕಡ್ಡಿಯಷ್ಟು. ಮುಖ ಕಪ್ಪಗೆ ಹೊಳೆಯುತ್ತಿತ್ತು. ನಾನು ವಾರಕ್ಕೊಮ್ಮೆ ರಿಮ್ಮಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡುತ್ತಿದ್ದುದು ಹೊರಗಿನ ಪ್ಯಾಡನ್ನು. ಸವೆಯುತ್ತಿದ್ದುದು ಒಳಗಿನದು.

ಕಾರಣ ಒಂದು ಬೆರಳುದ್ದದ ಪಿನ್ನು. ನಮ್ಮಲ್ಲಿ ಓಡುವ ಹೆಚ್ಚಿನ ಪಿಕಪ್ಪುಗಳ ಮುಂದಿನ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಆ ಒತ್ತಡಕ್ಕೆ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದು, ಮಳೆಗಾಲದ ನೀರು, ಕೆಮ್ಮಣ್ಣು ಒಳಗೆ ಹೋಗಿ ಪಿನ್ನು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡುತ್ತಿತ್ತು. ಒತ್ತಿ ಬಿಟ್ಟ ಮೇಲೂ ಪೂರ್ತಿ ಬಿಡದೆ ಉಜ್ಜುತ್ತಲೇ ಇತ್ತು. ಅದು ಕಾದು, ಹೊಳಪೇರಿ, ಚೀರುತ್ತಿತ್ತು. ಗೊಬ್ಬರ ಸಾಗಿಸುವ ಗಾಡಿಗಳಿಗೆ ಈ ಕಾಯಿಲೆ ಬೇಗ ಹಿಡಿಯುತ್ತದೆ ಎಂದರು ಅವರು. ಪೊಟ್ಯಾಷ್ ಎಂದರೆ ಒಂದು ಬಗೆಯ ಉಪ್ಪೇ. ಒದ್ದೆಯಾದರೆ ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನ ಗಾಡಿಯ ಅಡಿಭಾಗ, ಚಕ್ರದ ಒಳಬದಿ ನೀರಿನಲ್ಲಿ ತೊಳೆಯುವುದನ್ನು ನಾವು ಆಮೇಲೆ ರೂಢಿ ಮಾಡಿಕೊಂಡೆವು.

ಎಣ್ಣೆ ಮದ್ದಲ್ಲ ಎಂದೆ. ಆದರೆ ಜಿಡ್ಡಿಗೂ ಅಲ್ಲಿ ಜಾಗವಿದೆ, ಆ ಜಾಗ ಮಾತ್ರ ಗೊತ್ತಿರಬೇಕು. ಪಿನ್ನಿಗೆ ಸಿಲಿಕಾನ್ ಗ್ರೀಸ್. ಚಕ್ರದ ಬೇರಿಂಗಿಗೆ ತುಂಬುವ ಮಾಮೂಲು ಗ್ರೀಸನ್ನೇ ಪಿನ್ನಿಗೂ ಸವರಿದರೆ ಟೋಪಿಯ ರಬ್ಬರು ಉಬ್ಬಿ, ಪಿನ್ನು ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪ್ಯಾಡಿನ ಬೆನ್ನಿಗೆ, ಅದು ಕೂರುವ ಕಿವಿಗಳಿಗೆ ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಬೇಕು. ನಡುಕವನ್ನು ಅದು ನುಂಗುತ್ತದೆ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಬೆರಳಿನ ಜಿಡ್ಡೂ ತಾಗಬಾರದು. ಮೆಕ್ಯಾನಿಕ್ ಹೊಸ ಪ್ಯಾಡ್ ಕೂರಿಸುವ ಮೊದಲು ಬಾರ್ ಸೋಪು ತಿಕ್ಕಿ ಎರಡು ಸಲ ಕೈ ತೊಳೆದು ಬಂದರು. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ಕ್ಷಣದಲ್ಲಿ.

ಪ್ಯಾಡಿನಲ್ಲಿ ದಪ್ಪ ಚೆನ್ನಾಗಿ ಉಳಿದು, ಮುಖ ಮಾತ್ರ ಹೊಳಪಾಗಿದ್ದರೆ ಎಮರಿ ಕಾಗದವನ್ನು ಸಮತಲದ ಮೇಲಿಟ್ಟು ಉಜ್ಜಿ ಮತ್ತೆ ಹಾಕಬಹುದು. ಅದು ತಾತ್ಕಾಲಿಕ. ಹೊಳಪು ಬಂದದ್ದು ಯಾಕೆ ಎಂದು ಹುಡುಕದಿದ್ದರೆ ತಿಂಗಳಲ್ಲಿ ಮತ್ತೆ ಅದೇ ಹಾಡು. ಬದಲಿಸುವುದಾದರೆ ಎಡ ಬಲ ಎರಡೂ ಚಕ್ರದ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು. ಹೆಸರಿಲ್ಲದ ಪೊಟ್ಟಣದ ಅಗ್ಗದ ಪ್ಯಾಡು ಬೇಡ. ಹಲವು ವಿಪರೀತ ಗಡಸು, ಡಿಸ್ಕನ್ನೂ ತಿನ್ನುತ್ತವೆ, ಚೀರುವುದನ್ನೂ ಬಿಡುವುದಿಲ್ಲ. ಡಿಸ್ಕನ್ನು ಲೇತಿಗೆ ಕೊಟ್ಟು ಸಮ ಮಾಡಿಸಬಹುದಾದರೂ ಅದಕ್ಕೊಂದು ಮಿತಿ ಇದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಡಿಸ್ಕ್ ಆ ಗೆರೆ ದಾಟಿರಲಿಲ್ಲ, ಬಚಾವಾಯಿತು.

ಹೊಸ ಪ್ಯಾಡ್ ಹಾಕಿದ ಮೊದಲ ಒಂದೆರಡು ದಿನವೂ ಸದ್ದು ಬರಬಹುದು. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಖಾಲಿ ಗಾಡಿಯನ್ನು ಬಣಕಲ್ ಕಡೆಯ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ತಂದು, ಮೆಲ್ಲಗೆ ಒತ್ತಿ ನಿಧಾನಗೊಳಿಸಿ, ಸ್ವಲ್ಪ ದೂರ ಗಾಳಿಗೆ ಆರಲು ಬಿಟ್ಟು, ಹೀಗೆ ಇಪ್ಪತ್ತು ಸಲ ಮಾಡಿದೆವು. ಹೊಸ ಪ್ಯಾಡ್ ಹಾಕಿದ ದಿನವೇ ಲೋಡು ಹೇರಿ ಚಾರ್ಮಾಡಿ ಇಳಿಸಿದರೆ ಪ್ಯಾಡಿನ ಮುಖ ಸುಟ್ಟು, ಕೊಟ್ಟ ದುಡ್ಡು ನೀರಿಗೆ ಹೋದ ಹಾಗೆ.

ಹಿಂದಿನ ಚಕ್ರಗಳಲ್ಲಿ ಡ್ರಮ್. ಅಲ್ಲಿನ ಕಿರುಗುಟ್ಟಾಟಕ್ಕೆ ಹೆಚ್ಚಾಗಿ ಧೂಳು, ಕೆಸರು ಕಾರಣ. ಹಳ್ಳ ದಾಟಿದ ಗಾಡಿಯ ಡ್ರಮ್ಮಿನೊಳಗೆ ಕೆಸರು ನೀರು ಹೊಕ್ಕು, ಒಣಗಿ, ಪುಡಿಯಾಗಿ ಶೂ ಮತ್ತು ಡ್ರಮ್ಮಿನ ನಡುವೆ ಕೂರುತ್ತದೆ. ಶೂ ಒರಗುವ ಹಿಂಬದಿ ತಟ್ಟೆಯ ಉಬ್ಬುಗಳು ಒಣಗಿದರೂ ಸದ್ದು ಬರುತ್ತದೆ, ಅಲ್ಲೂ ಒಂದು ಚಿಟಿಕೆ ಶಾಖದ ಗ್ರೀಸ್ ಸಾಕು. ಡ್ರಮ್ ತೆಗೆದಾಗ ಒಳಗೆ ಒದ್ದೆ ಕಂಡರೆ ಮಾತ್ರ ಒರೆಸಿ ಮುಚ್ಚಬೇಡಿ. ಅದು ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲ್ ಇರಬಹುದು, ಆಕ್ಸಲ್ ಸೀಲ್ ಹೋಗಿ ಬಂದ ಗೇರ್ ಎಣ್ಣೆಯೂ ಇರಬಹುದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅದನ್ನು ಎಸೆಯಲೇಬೇಕು.

ಇಷ್ಟೆಲ್ಲ ಮಾಡಿದರೂ ಘಾಟಿಯಲ್ಲಿ ಬ್ರೇಕ್ ಉಳಿಯುವುದು ಓಡಿಸುವವರ ಕಾಲಿನಲ್ಲಿ. ಲೆಕ್ಕ ಹಾಕಿ ನೋಡಿ. ಲೋಡು ಸೇರಿ 3 ಟನ್ ತೂಗುವ ಗಾಡಿ 700 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 2 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಬೇಕು. ಅಷ್ಟು ಶಕ್ತಿಯಲ್ಲಿ 60 ಲೀಟರ್ ತಣ್ಣೀರನ್ನು ಕುದಿಸಬಹುದು. ನಮ್ಮ ಬಚ್ಚಲಿನ ಒಂದು ಹಂಡೆ ನೀರು! ಇಂಜಿನ್ನಿಗೆ ಪಾಲು ಕೊಡದೆ ಬ್ರೇಕನ್ನೇ ನಂಬಿದರೆ ಆ ಬೆಂಕಿಯ ಬಹುಪಾಲು ನಾಲ್ಕು ಚಕ್ರದ ಒಳಗೇ ಉರಿಯುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳೇ ಡ್ರೈವರುಗಳು ಹೇಳುತ್ತಿದ್ದುದು ಇದಕ್ಕೇ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕಿ ಇಳಿಸುವುದು ಜೀವದ ಜೊತೆ ಆಟ. ಮುಳ್ಳಯ್ಯನಗಿರಿಯಿಂದ ಇಳಿದು ಬರುವ ಪ್ರವಾಸಿಗಳ ಕಾರುಗಳ ಹಿಂದೆ ರಬ್ಬರ್ ಸುಟ್ಟಂಥ ಕಮಟು ವಾಸನೆ ಬರುತ್ತದಲ್ಲ, ಅದು ಪ್ಯಾಡ್ ಬೇಯುವ ವಾಸನೆ.

ಅತಿಯಾಗಿ ಕಾದಾಗ ಚೀರಾಟ ನಿಂತೇ ಹೋಗಬಹುದು. ಆ ಮೌನವನ್ನು ನಂಬಬಾರದು. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗೆ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ಕಟ್ಟಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಅದರ ಮಟ್ಟ 140. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯುವ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ ಏರ್ ತೆಗೆಸುವುದನ್ನು ಮುಂದೂಡಬಾರದು. ಕಾದ ಡ್ರಮ್ಮಿಗೆ ಝರಿಯ ನೀರು ಎರಚುವುದೂ ಬೇಡ. ಎರಕದ ಕಬ್ಬಿಣ ಥಟ್ಟನೆ ತಣಿದರೆ ಬಿರುಕು ಬಿಡುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಇದೆ. ನಮ್ಮ ಕಡೆಯ ಡ್ರೈವರುಗಳು ಅಲ್ಲಿ ಗಾಡಿ ನಿಲ್ಲಿಸಿ, ಕೈಮುಗಿದು, ಕಾಣಿಕೆ ಹಾಕಿಯೇ ಮುಂದೆ ಹೋಗುವುದು. ಆ ಹೊತ್ತಿನಲ್ಲಿ ಚಕ್ರಗಳಿಗೂ ಗಾಳಿ ಸಿಗುತ್ತದೆ.

ರಿಪೇರಿಯಾದ ಮುಂದಿನ ವಾರ ಉಜಿರೆಗೆ ಹೊರಟಿದ್ದೆವು. ಎರಡನೇ ಗೇರಿನಲ್ಲಿ ಇಂಜಿನ್ ಗುಂಯ್ಗುಡುತ್ತಾ ಇಳಿಯಿತು, ಚಕ್ರದಿಂದ ಒಂದು ಚೂರೂ ಸದ್ದಿಲ್ಲ. ಗುಡಿಯ ಮುಂದೆ ನಿಲ್ಲಿಸಿದಾಗ ಹುಡುಗ ಕೈಮುಗಿದು ಬಂದು, ಮೆಕ್ಯಾನಿಕ್ ಹೇಳಿಕೊಟ್ಟಿದ್ದ ಹಾಗೆ ಗಾಡಿಗೊಂದು ಸುತ್ತು ಹಾಕಿದ. ಪ್ರತಿ ಚಕ್ರದ ಮುಂದೆ ಬಗ್ಗಿ, ಮುಟ್ಟದೆ, ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಶಾಖ ನೋಡಿದ. ಮುಂದಿನವು ಎರಡೂ ಒಂದೇ ಸಮ. ಹಿಂದಿನ ಎಡಚಕ್ರದ ಹತ್ತಿರ ಸ್ವಲ್ಪ ಹೊತ್ತು ನಿಂತ, ಬಲಕ್ಕೆ ಹೋಗಿ ನೋಡಿದ, ಮತ್ತೆ ಎಡಕ್ಕೆ ಬಂದ.

"ಇದೊಂದು ಜಾಸ್ತಿ ಬಿಸಿ ಇದೆ ಅಣ್ಣಾ. ಹ್ಯಾಂಡ್ ಬ್ರೇಕಿನ ಕೇಬಲ್ ಪೂರ್ತಿ ಬಿಡ್ತಾ ಇಲ್ಲ ಅನ್ನಿಸುತ್ತೆ. ವಾಪಸ್ ಬರುವಾಗ ತೋರಿಸಿಕೊಂಡೇ ಹೋಗೋಣ."